ನಾರಾಯಣರಾಯರು ಉಟ್ಟಂತೆ ಉಡುವುದು

1905ರಲ್ಲಿ ಮಿರಜದಲ್ಲಿ ಎರಡು ಸಂಗತಿಗಳು ನಡೆದವು. ಮೇ ತಿಂಗಳಲ್ಲಿ ಗಾಯಕ ಅಬ್ದುಲ್ ಕರೀಮ್ ಖಾನರ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ಅದೇ ವರ್ಷ ಆ ಊರಿನಲ್ಲಿ ಬೀಡುಬಿಟ್ಟಿದ್ದ ಕಿರ್ಲೋಸ್ಕರ ನಾಟಕ ಮಂಡಳಿಯಲ್ಲಿ ನಾರಾಯಣ ಶ್ರೀಪಾದ ರಾಜಹಂಸ ಎಂಬ ಹದಿನೇಳರ ಹುಡುಗ ಶಕುಂತಲೆಯಾಗಿ ಮೊದಲ ಸಲ ರಂಗಕ್ಕೆ ಬಂದ. ಮಗು ಮುಂದೆ ಹೀರಾಬಾಯಿ ಬಡೋದೇಕರ್ ಎಂದು ಹೆಸರಾಯಿತು, ಹುಡುಗ ಬಾಲಗಂಧರ್ವನಾದ. ಸೀರೆಯ ನಿರಿಗೆ ಎಲ್ಲಿ ಕೂರಬೇಕು, ಮುಡಿಯಲ್ಲಿ ಹೂವು ಎಷ್ಟಿರಬೇಕು, ಹೆಣ್ಣು ನಾಲ್ಕು ಜನರ ಮುಂದೆ ಹೇಗೆ ನಡೆಯಬೇಕು ಎಂಬುದನ್ನು ಮುಂದಿನ ಎರಡು ಮೂರು ದಶಕ ಮುಂಬಯಿ, ಪುಣೆ, ಸಾಂಗ್ಲಿ, ಕೊಲ್ಹಾಪುರದ ಮನೆಗಳಿಗೆ ತೋರಿಸಿಕೊಟ್ಟದ್ದು ಈ ಹುಡುಗ.

ಮಾಡೆಲ್ ಎಂದು ಇವತ್ತು ನಾವು ಕರೆಯುವವರ ಕೆಲಸವಾದರೂ ಇದೇ ತಾನೆ? ಬೆಲೆಬಾಳುವ ಬಟ್ಟೆ, ಒಡವೆ ಹಾಕಿಕೊಂಡು ಜನರೆದುರು ನಾಲ್ಕು ಹೆಜ್ಜೆ ಹಾಕಬೇಕು. ನೋಡಿದವರಿಗೆ ತಾವೂ ಹಾಗೆ ಕಾಣಬೇಕು ಅನ್ನಿಸಬೇಕು. ಪ್ಯಾರಿಸ್ಸಿನಲ್ಲಿ 1858ರಲ್ಲಿ ಅಂಗಡಿ ತೆರೆದ ಚಾರ್ಲ್ಸ್ ಫ್ರೆಡರಿಕ್ ವರ್ತ್ ತಾನು ಹೊಲಿದ ಉಡುಪುಗಳನ್ನು ಹುಡುಗಿಯರಿಗೆ ತೊಡಿಸಿ ಗಿರಾಕಿಗಳಿಗೆ ತೋರಿಸುವ ಪದ್ಧತಿ ಬೆಳೆಸಿದ. ಅವರಲ್ಲಿ ಮೊದಲನೆಯವಳು ಅವನ ಹೆಂಡತಿ ಮರೀ ವೆರ್ನೆ ಎನ್ನುತ್ತಾರೆ. ಕೃಷ್ಣಾ ತೀರದಲ್ಲಿ ಮರ್ಯಾದಸ್ಥರ ಮನೆಯ ಯಾವ ಹೆಂಗಸೂ ಹಾಗೆ ನಿಲ್ಲುವಂತಿರಲಿಲ್ಲ. ನಿಲ್ಲಬಹುದಾಗಿದ್ದ ಹೆಂಗಸರನ್ನು ಮರ್ಯಾದಸ್ಥರು ಅನುಕರಿಸುವಂತಿರಲಿಲ್ಲ. ಆ ತೆರಪನ್ನು ಗಂಡಸು ತುಂಬಿದ.

ಇದರ ಹಿಂದೆ ಸಾಂಗ್ಲಿಯ ಒಂದು ಹಳೆಯ ಕಥೆ ಇದೆ, ಆ ಕಥೆಯ ತುದಿ ಹೊನ್ನಾವರದಲ್ಲಿದೆ. 1842ರ ಸುಮಾರಿಗೆ ಕರ್ಕಿಯ ಭಾಗವತ ಮೇಳವೊಂದು ಸಾಂಗ್ಲಿಗೆ ಬಂದು ಆಟ ಆಡಿತು. ನೋಡಿ ಮೆಚ್ಚಿದ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಇಂಥದ್ದನ್ನೇ ಮರಾಠಿಯಲ್ಲಿ ಕಟ್ಟಲು ಹೇಳಿದರು. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ನಡೆಯಿತು. ಮಹಾರಾಷ್ಟ್ರ ಈಗಲೂ ಆ ದಿನವನ್ನು ರಂಗಭೂಮಿ ದಿನವೆಂದು ಆಚರಿಸುತ್ತದೆ. ಮರಾಠಿ ರಂಗದ ಹಣೆಬರಹವನ್ನೇ ಬದಲಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ‘ಸಂಗೀತ ಶಾಕುಂತಲ’ 1880ರಲ್ಲಿ ಪುಣೆಯಲ್ಲಿ ರಂಗ ಕಂಡಿತು. ಹೀಗೆ ಕನ್ನಡದಿಂದ ಹೋದದ್ದು ಮರಾಠಿ ಕಂಪನಿಗಳ ರೂಪದಲ್ಲಿ ಧಾರವಾಡ, ಗದಗಕ್ಕೆ ತಿರುಗಿ ಬಂದಾಗ, ನಮ್ಮಲ್ಲೇನು ನಾಟಕವಿಲ್ಲವೇ ಎಂದು ರೇಗಿದ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಗದುಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದರು. ಅದು ಬೇರೆಯೇ ಅಧ್ಯಾಯ. ಇಲ್ಲಿಗೆ ಬೇಕಾದದ್ದು ಇಷ್ಟು: ಕರ್ಕಿಯಿಂದ ಪುಣೆಯವರೆಗೆ ಎಲ್ಲ ಕಡೆಯೂ ಸೀತೆ, ಶಕುಂತಲೆ, ಸುಭದ್ರೆಯರು ಗಂಡಸರೇ ಆಗಿದ್ದರು.

ರಂಗದ ಹೊರಗೆ ಆಗ ಚೆಲುವು ಅಂದರೆ ಏನಿತ್ತು? ಸಾಂಗ್ಲಿ, ಮಿರಜ ಸೀಮೆಯಲ್ಲಿ ಮೊದಲ ಉತ್ತರ ಅರಿಶಿನ. ಸಾಂಗ್ಲಿಯ ಅರಿಶಿನ ಪೇಟೆ ದೇಶಕ್ಕೇ ಹೆಸರಾದದ್ದು. 2018ರಲ್ಲಿ ಇಲ್ಲಿಯ ಅರಿಶಿನಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಕೃಷ್ಣೆ ಮತ್ತು ವಾರಣಾ ಕೂಡುವ ಹರಿಪುರದಲ್ಲಿ ಅರಿಶಿನವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಮಣ್ಣು ಮುಚ್ಚಿಡುತ್ತಿದ್ದರು. ಹುಳ ಮುಟ್ಟದೆ ವರ್ಷಗಟ್ಟಲೆ ಉಳಿಯುತ್ತಿತ್ತು. 2005ರ ಮಹಾಪೂರ ಆ ಹಗೇವುಗಳಲ್ಲಿ ಬಹಳಷ್ಟನ್ನು ಹಾಳುಮಾಡಿತು. ಕೆನ್ನೆಗೆ, ಪಾದಕ್ಕೆ, ಮುಂಗೈಗೆ ತೇಯ್ದ ಅರಿಶಿನ ಹಚ್ಚಿಕೊಂಡ ಹೆಂಗಸು ಲಕ್ಷಣವಂತೆ. ಅವಳ ಮೈಬಣ್ಣ ಕಪ್ಪೋ ಬಿಳುಪೋ, ಮೇಲೆ ಕಾಣುವುದು ಹಳದಿ.

ಹಣೆಗೆ ಮೊದಲು ಮೇಣ ಸವರಿ ಅದರ ಮೇಲೆ ಕುಂಕುಮ ಒತ್ತುತ್ತಿದ್ದರು. ಹೊಲದಲ್ಲಿ ಬೆವರಿದರೂ ಬೊಟ್ಟು ಜಾರಬಾರದು ನೋಡಿ. ಗದ್ದದ ಮೇಲೆ, ಹುಬ್ಬಿನ ನಡುವೆ ಹಸಿರು ಹಚ್ಚೆ. ಮೈಮೇಲೆ ಇಳಕಲ್ಲಿನ ಸೀರೆ: ಕೊಂಡಿ ಹಾಕಿ ಜೋಡಿಸಿದ ಕೆಂಪು ರೇಷ್ಮೆ ಸೆರಗು, ಅದರಲ್ಲಿ ಟೋಪಿ ತೆನಿ ಎಂಬ ವಿನ್ಯಾಸ. ಕುಬಸಕ್ಕೆ ಗುಳೇದಗುಡ್ಡದ ಖಣ. ರಾಜ್ಯದ ಗಡಿ ಯಾವ ಕಡೆ ಎಳೆದರೂ ಸಾಂಗ್ಲಿ ಜಿಲ್ಲೆಯ ರೈತಾಪಿ ಹೆಂಗಸರ ಗಂಟಿನಲ್ಲಿ ಈ ಎರಡು ಇರುತ್ತಿದ್ದವು. ಕಚ್ಚೆ ಹಾಕಿ ಉಟ್ಟ ಸೀರೆಯಲ್ಲಿ ಬಗ್ಗಬಹುದು, ಏರಿ ಹತ್ತಬಹುದು, ತಲೆಯ ಮೇಲೆ ಹೊರೆ ಹೊರಬಹುದು. ಸಣ್ಣ ಸೊಂಟದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮೈಕೈ ತುಂಬಿಕೊಂಡ ಸೊಸೆ ಬಂದರೆ ಆ ಮನೆಯಲ್ಲಿ ಉಣ್ಣಲು ಸಾಕಷ್ಟಿದೆ ಎಂದು ಊರು ತಿಳಿಯುತ್ತಿತ್ತು.

ಸೌಂದರ್ಯದ ಚರಿತ್ರೆ ಬರೆಯುವವರು ಮರೆಯುವ ಇನ್ನೊಂದು ಮಾದರಿಯೂ ಇದೇ ನೆಲದಲ್ಲಿತ್ತು. ಸಾಂಗ್ಲಿಗೆ ಹತ್ತಿರದ ಸಮಡೋಳಿಯಲ್ಲಿ 1924ರಲ್ಲಿ ಮುನಿ ಶಾಂತಿಸಾಗರರಿಗೆ ಆಚಾರ್ಯ ಪದವಿ ಪ್ರಾಪ್ತವಾಯಿತು. ಅವರು ಚಿಕ್ಕೋಡಿ ಸೀಮೆಯ ಭೋಜದ ಪಾಟೀಲ ಮನೆತನದವರು, ಪೂರ್ವಾಶ್ರಮದ ಹೆಸರು ಸಾತಗೌಡ. ಬಟ್ಟೆಯಿಲ್ಲದ, ಸ್ನಾನವಿಲ್ಲದ ಬದುಕು, ತಲೆಗೂದಲನ್ನು ಕೈಯಿಂದಲೇ ಕೀಳುವ ಕೇಶಲೋಚ. ಅಲಂಕಾರವನ್ನು ಬೇರುಸಹಿತ ಬಿಡುವ ಈ ದೇಹದ ಎದುರು ಹಳ್ಳಿಗೆ ಹಳ್ಳಿಯೇ ಕೈಮುಗಿದು ನಿಂತಿತು. ಅದೇ ಹೊತ್ತಿಗೆ ಬಾಲಗಂಧರ್ವರ ಕಂಪನಿ ಪಟ್ಟಣಗಳಲ್ಲಿ ಜರತಾರಿ, ಅತ್ತರುಗಳ ನಡುವೆ ಮೆರೆಯುತ್ತಿತ್ತು. ಎರಡಕ್ಕೂ ಒಂದೇ ತಾಲ್ಲೂಕಿನಿಂದ ಜನ ಗಾಡಿ ಕಟ್ಟಿಕೊಂಡು ಹೋದರು. ಒಂದು ಕಾಲಕ್ಕೆ ಒಂದೇ ಮಾನದಂಡ ಇರುತ್ತದೆ ಎಂದು ನಂಬುವವರು ಸಮಡೋಳಿಯ ಈ ವರ್ಷವನ್ನು ನೆನಪಿಡುವುದು ಒಳ್ಳೆಯದು.

ಪೇಟೆಯ ಕಣ್ಣನ್ನು ತಿದ್ದುವ ಕೆಲಸ ಅಷ್ಟರಲ್ಲಾಗಲೇ ಶುರುವಾಗಿತ್ತು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹಾಕಿದರು. ಅವರ ಲಕ್ಷ್ಮಿ, ಸರಸ್ವತಿ, ಶಕುಂತಲೆಯರು ಅಗ್ಗದ ಬೆಲೆಗೆ ಮನೆಮನೆಯ ಗೋಡೆ ಹತ್ತಿದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಅವರ ವಾದ್ಯಗಾರ್ತಿಯರ ಗುಂಪುಚಿತ್ರದಲ್ಲಿ ಹನ್ನೊಂದು ಹೆಂಗಸರಿದ್ದಾರೆ. ಒಬ್ಬೊಬ್ಬರದು ಒಂದೊಂದು ಸೀಮೆಯ ಉಡುಗೆ. ಮುಖ ಮಾತ್ರ ಬಹುಪಾಲು ದುಂಡಗೆ, ತೋಳು ತುಂಬಿದವು, ಬಣ್ಣ ಗೋಧಿಯ ಕೆಳಗೆ ಇಳಿಯುವುದಿಲ್ಲ. ದೇವತೆಗಳಿಗೆ ಒಂಬತ್ತು ಗಜದ ಮರಾಠಿ ಸೀರೆ ಉಡಿಸುವ ರೂಢಿಗೆ ರವಿವರ್ಮರ ಪಡಿಯಚ್ಚುಗಳು ಬಲ ಕೊಟ್ಟವು. ಗೋಡೆಯ ಮೇಲೆ ಕಂಡು ಬಾಯಿಪಾಠವಾಗಿದ್ದ ಈ ಶಕುಂತಲೆಯೇ ನಡೆದು ಬಂದಂತೆ ಮಿರಜದ ಪ್ರೇಕ್ಷಕರಿಗೆ 1905ರಲ್ಲಿ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಹುಡುಗ ಅಲ್ಲಿಗೆ ಬಂದ ಬಗೆಯೂ ಸ್ವಾರಸ್ಯದ್ದು. ರಾಜಹಂಸರ ಮನೆತನಕ್ಕೆ ಈಗಿನ ಸಾಂಗ್ಲಿ ಜಿಲ್ಲೆಯ ಪಲೂಸ ತಾಲ್ಲೂಕಿನ ನಾಗಠಾಣೆಯ ನಂಟು. ಹುಡುಗನಿಗೆ ಕಿವಿ ಮಂದ. ಕೊಲ್ಹಾಪುರದ ಶಾಹೂ ಮಹಾರಾಜರು ಚಿಕಿತ್ಸೆಗೆಂದು ಅವನನ್ನು ಮಿರಜಕ್ಕೆ ಕಳಿಸಿದರೆಂದೂ, ಕಿವಿ ತೋರಿಸಲು ಬಂದವನ ಕಂಠ ಕಂಪನಿಯವರ ಕಿವಿಗೆ ಬಿತ್ತೆಂದೂ ಹೇಳುತ್ತಾರೆ. ಕಿರ್ಲೋಸ್ಕರ ಕಂಪನಿಗೆ ಆಗ ಇಂಥವನ ಅಗತ್ಯ ಬಹಳವಿತ್ತು. ಅವರ ಮೊದಲ ದೊಡ್ಡ ಶಕುಂತಲೆ ಭಾವೂರಾವ್ ಕೊಲ್ಹಟಕರ್ 1901ರಲ್ಲಿ ತೀರಿಕೊಂಡಿದ್ದರು. ಹೊಸ ಹುಡುಗನನ್ನು ತಿದ್ದಿದವರು ಗೋವಿಂದ ಬಲ್ಲಾಳ ದೇವಲ್, ಅರಿಶಿನದ ಹರಿಪುರದವರು. ಅವನಿಗಾಗಿ ಪಾತ್ರಗಳನ್ನು ಬರೆದುಕೊಟ್ಟವರು ಕೃಷ್ಣಾಜಿ ಪ್ರಭಾಕರ ಖಾಡಿಲ್ಕರ್, ಸಾಂಗ್ಲಿಯಲ್ಲಿ ಹುಟ್ಟಿದವರು. ಇಪ್ಪತ್ತನೆಯ ಶತಮಾನದ ಆರಂಭದ ಮರಾಠಿ ‘ಆದರ್ಶ ಸ್ತ್ರೀ’ಯನ್ನು ಬರೆದು, ಕಲಿಸಿ, ತೊಡಿಸಿ ಕಳಿಸಿದ್ದು ಹೆಚ್ಚುಕಡಿಮೆ ಈ ಒಂದೇ ಸೀಮೆಯ ಮೂವರು ಗಂಡಸರು.

ಖಾಡಿಲ್ಕರರ ‘ಮಾನಾಪಮಾನ’ 1911ರ ಮಾರ್ಚ್ 12ರಂದು ಮುಂಬಯಿಯಲ್ಲಿ ಮೊದಲ ಪ್ರಯೋಗ ಕಂಡಿತು. ಅದೇ ದಿನ ಬಾಲಗಂಧರ್ವರ ಮಗು ತೀರಿಕೊಂಡಿತ್ತು. ಅವರು ಪ್ರಯೋಗ ನಿಲ್ಲಿಸಲಿಲ್ಲ. ಆ ನಾಟಕದ ಕಥೆಯೇ ಉಡುಗೆ ತೊಡುಗೆಯದು. ಶ್ರೀಮಂತರ ಮಗಳು ಭಾಮಿನಿ ಬಡ ಸೈನಿಕ ಧೈರ್ಯಧರನನ್ನು ಅವನ ಬಡತನಕ್ಕಾಗಿ ತಿರಸ್ಕರಿಸುತ್ತಾಳೆ. ಆಮೇಲೆ ಒಡವೆ ಕಳಚಿಟ್ಟು ವನಮಾಲೆ ಎಂಬ ಸಾಧಾರಣ ಹುಡುಗಿಯಾಗಿ ಅವನೆದುರು ಬಂದು ಮನಸೋಲುತ್ತಾಳೆ. ಅಂದರೆ ಒಂದೇ ರಾತ್ರಿ ಪ್ರೇಕ್ಷಕರು ಅದೇ ದೇಹವನ್ನು ಎರಡು ವೇಷಗಳಲ್ಲಿ ನೋಡುತ್ತಿದ್ದರು, ಮೊದಲು ಬಂಗಾರದಲ್ಲಿ, ಬಳಿಕ ಬರಿಗೊರಳಿನಲ್ಲಿ. ಒಬ್ಬ ನಟನ ಕೈಗೆ ಇದಕ್ಕಿಂತ ಒಳ್ಳೆಯ ಪ್ರದರ್ಶನದ ಅವಕಾಶ ಯಾರೂ ಕೊಟ್ಟಿರಲಾರರು.

1913ರಲ್ಲಿ ಗಂಧರ್ವ ನಾಟಕ ಮಂಡಳಿ ಹುಟ್ಟಿತು. 1916ರ ‘ಸ್ವಯಂವರ’ದ ರುಕ್ಮಿಣಿಯ ಹೊತ್ತಿಗೆ ಬಾಲಗಂಧರ್ವರ ಉಡುಗೆ ನಾಟಕದಷ್ಟೇ ಸುದ್ದಿ. ನಾಟಕದ ಪೆಟ್ಟಿಗೆಯ ಕಾಗದದ ಜರಿಯನ್ನು ಅವರು ಮುಟ್ಟುತ್ತಿರಲಿಲ್ಲ. ಪೈಠಣಿ ಎಂದರೆ ಪೈಠಣಿಯೇ ಬೇಕು, ಅತ್ತರು ಎಂದರೆ ನಿಜವಾದ ಅತ್ತರೇ. ಮೂಗಿನಲ್ಲಿ ಮುತ್ತಿನ ನತ್ತು, ಕೊರಳಿಗೆ ಚಿಂಚಪೇಟಿ, ತನ್ಮಣಿ. ಹಿಂದೆ ಕಟ್ಟಿದ ತುರುಬಿಗೆ ಹೂವಿನ ದಂಡೆ. ಕಂಪನಿ ಸಾಲದಲ್ಲಿ ಮುಳುಗಿದ್ದಕ್ಕೆ ಈ ಹಟವೂ ಒಂದು ಕಾರಣ. ಮಾಳಿಗೆಯ ಮೇಲೆ ಕುಳಿತು ನೋಡಿದ ಹೆಂಗಸರು ಮಾರನೆಯ ವಾರ ಅದೇ ಬಗೆಯಲ್ಲಿ ಸೆರಗು ಹೊದ್ದರು, ಅದೇ ಬಗೆಯಲ್ಲಿ ತುರುಬು ಕಟ್ಟಿದರು. ನಾರಾಯಣರಾಯರು ಉಟ್ಟಂತೆ ಉಡುವುದು ಮರ್ಯಾದಸ್ಥರ ಮನೆಗಳಲ್ಲಿ ಪಾಸಾದ ಫ್ಯಾಶನ್. ಅವರ ಚಿತ್ರ ಸಾಬೂನು, ಪೌಡರು, ಟಾನಿಕ್ಕುಗಳ ಮಾರಾಟಕ್ಕೂ ಬಳಕೆಯಾಯಿತು. ಗುಜರಾತಿ ರಂಗದಲ್ಲಿ ಜಯಶಂಕರ ಭೋಜಕರದೂ ಇದೇ ಕಥೆ. 1901ರ ‘ಸೌಭಾಗ್ಯ ಸುಂದರಿ’ಯ ನಾಯಕಿಯಾದ ಮೇಲೆ ಜನ ಅವರನ್ನು ಜಯಶಂಕರ ‘ಸುಂದರಿ’ ಎಂದೇ ಕರೆದರು, ಮುಂಬಯಿಯ ಹೆಂಗಸರು ಅವರ ನಡಿಗೆ, ಉಡಿಗೆಗಳನ್ನು ಕಲಿತರು.

ಇವರ ಮೈಕಟ್ಟು ಹೇಗಿತ್ತು? ಫೋಟೋಗಳು ಉಳಿದಿವೆ, ನೋಡಬಹುದು. ದುಂಡು ಮುಖ, ತುಂಬಿದ ಗಲ್ಲ, ಹೊಟ್ಟೆಯನ್ನು ಮರೆಸುವ ಯತ್ನವೇನೂ ಇಲ್ಲ. ಒಂಬತ್ತು ಗಜದ ಸೀರೆ ಸೊಂಟದ ಸುತ್ತ ತಾನೇ ದಪ್ಪಗೆ ಕೂರುವ ಬಟ್ಟೆ. ಸಣಕಲು ಮೈಗೆ ಅದು ಒಪ್ಪುವುದೂ ಇಲ್ಲ. ಚೆಲುವು ಇದ್ದದ್ದು ಕತ್ತಿನ ಬಾಗಿನಲ್ಲಿ, ಬೆರಳ ತುದಿಯಲ್ಲಿ ಸೆರಗು ಹಿಡಿದ ರೀತಿಯಲ್ಲಿ, ನಾಚಿದಂತೆ ತಗ್ಗಿಸಿದ ರೆಪ್ಪೆಯಲ್ಲಿ. ಗ್ಯಾಸಿನ ದೀಪದ ಬೆಳಕಿನಲ್ಲಿ, ಮೂವತ್ತು ಮಾರು ದೂರದ ಪ್ರೇಕ್ಷಕನಿಗೆ ಕಾಣುವುದು ಇಷ್ಟೇ. ಮುಖಕ್ಕೆ ಬಳಿದ ಸಫೇದ ಆ ಬೆಳಕಿನಲ್ಲಿ ಹೊಳೆಯುವ ಬಿಳುಪಾಗುತ್ತಿತ್ತು. ಮನೆಯ ಅರಿಶಿನದ ಹಳದಿ ಹಿಂದೆ ಸರಿದು ಬಿಳುಪು ಮುಂದೆ ಬಂದದ್ದರಲ್ಲಿ ರಂಗದ ಬಣ್ಣಕ್ಕೂ ಪಾಲಿದೆ ಎಂದು ಅನುಮಾನ ಪಡಬಹುದು. ‘ಏಕಚ್ ಪ್ಯಾಲಾ’ ನಾಟಕದ ಸಿಂಧುವಾಗಿ ಬಾಲಗಂಧರ್ವರು ಬೀಸುಕಲ್ಲಿನ ಮುಂದೆ ಕೂತ 1919ರಲ್ಲೇ ಮುಂಬಯಿಯ ಪಾಟಣವಾಲಾ ‘ಅಫ್ಘಾನ್ ಸ್ನೋ’ ಎಂಬ ಬಿಳಿ ಮುಖಲೇಪವನ್ನು ಪೇಟೆಗೆ ಬಿಟ್ಟರು.

ಒಂದು ಮಾತು ಇಲ್ಲಿ ಹೇಳಲೇಬೇಕು. ಹೆಂಗಸರ ಕಂಪನಿಗಳೇ ಇರಲಿಲ್ಲವೆಂದಲ್ಲ. ಬೆಳಗಾವ್ಕರ್ ಸ್ತ್ರೀ ಸಂಗೀತ ನಾಟಕ ಮಂಡಳಿಯಂಥವು ಬಹಳ ಮೊದಲೇ ಇದ್ದವು. ಅಲ್ಲಿಯ ನಟಿಯರು ಕಲಾವಂತ ಮನೆತನಗಳವರು. ಅವರ ಹಾಡನ್ನು ಕೇಳಲು ಗಂಡಸರು ಬರುತ್ತಿದ್ದರು, ಅವರ ಸೀರೆಯನ್ನು ಅನುಕರಿಸುವ ಹೆಂಗಸರು ಬರುತ್ತಿರಲಿಲ್ಲ. ಹೆಣ್ಣೇ ಹೆಣ್ಣಾಗಿ ನಿಂತರೆ ಕೆಟ್ಟದ್ದು, ಗಂಡು ಹೆಣ್ಣಾಗಿ ನಿಂತರೆ ಸಂಸ್ಕೃತಿ. ಬಾಲಗಂಧರ್ವರ ಪ್ರತಿಭೆಯನ್ನು ಎಷ್ಟು ಹೊಗಳಿದರೂ ಈ ಅನ್ಯಾಯದ ನೆರಳು ಅವರ ಮೇಲಿಂದ ಸರಿಯುವುದಿಲ್ಲ.

1921ರ ಜುಲೈ 8ರಂದು ಮುಂಬಯಿಯಲ್ಲಿ ನಡೆದ ‘ಸಂಯುಕ್ತ ಮಾನಾಪಮಾನ’ ಈ ಯುಗದ ಶಿಖರ. ತಿಲಕ್ ಸ್ವರಾಜ್ಯ ನಿಧಿಗಾಗಿ ಎರಡು ಎದುರಾಳಿ ಕಂಪನಿಗಳು ಒಂದೇ ರಂಗದ ಮೇಲೆ ನಿಂತವು. ಭಾಮಿನಿಯಾಗಿ ಬಾಲಗಂಧರ್ವ, ಧೈರ್ಯಧರನಾಗಿ ಕೊಲ್ಹಾಪುರದ ಕೇಶವರಾವ್ ಭೋಸಲೆ. ಭೋಸಲೆಯವರ ಲಲಿತಕಲಾದರ್ಶ ಮಂಡಳಿ ಹುಟ್ಟಿದ್ದು 1908ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ. ಸ್ವತಃ ಅವರೂ ಹುಡುಗನಾಗಿದ್ದಾಗ ಹೆಣ್ಣುಪಾತ್ರ ಮಾಡಿದವರೇ. ಆ ಆಟವಾಗಿ ಮೂರು ತಿಂಗಳಿಗೆ ಅವರು ತೀರಿಕೊಂಡರು.

ಬಾಲಗಂಧರ್ವರಿಗೆ ವಯಸ್ಸಾಯಿತು. ನಲವತ್ತು ದಾಟಿದರೂ ನಾಯಕಿಯ ಪಾತ್ರ ಬಿಡಲಿಲ್ಲ. ರಂಗದಲ್ಲಿ ಅದು ನಡೆಯಿತು, ಕಣ್ಣು ಮುಚ್ಚಿ ಹಾಡು ಕೇಳುವ ಭಕ್ತರಿದ್ದರು. ಆದರೆ ಕ್ಯಾಮೆರಾ ಮುಖದ ಹತ್ತಿರ ಬಂದು ನಿಲ್ಲುತ್ತದೆ. ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿ ಪುಣೆಗೆ ಹೋದ ಪ್ರಭಾತ್ ಕಂಪನಿ 1935ರ ‘ಧರ್ಮಾತ್ಮಾ’ದಲ್ಲಿ ಅವರಿಗೆ ಸಂತ ಏಕನಾಥನ ಪಾತ್ರ ಕೊಟ್ಟಿತು. ಗಂಡಸಿನ ಪಾತ್ರ, ಅವರ ಮನಸ್ಸಿಗೆ ಹತ್ತಲಿಲ್ಲ. 1937ರಲ್ಲಿ ಬಾಬೂರಾವ್ ಪೇಂಟರ್ ನಿರ್ದೇಶನದ ‘ಸಾಧ್ವಿ ಮೀರಾಬಾಯಿ’ಯಲ್ಲಿ ಮತ್ತೆ ಸೀರೆಯುಟ್ಟರು. ಆಗ ವಯಸ್ಸು ನಲವತ್ತೊಂಬತ್ತು. ರಂಗ ಮನ್ನಿಸಿದ ಗಲ್ಲದ ಮಡಿಕೆ, ಗಡ್ಡದ ನೀಲಿ ನೆರಳನ್ನು ಪರದೆ ಮನ್ನಿಸಲಿಲ್ಲ. ಹೆಣ್ಣುಪಾತ್ರದ ಗಂಡಸನ್ನು ಕೆಳಗಿಳಿಸಿದ್ದು ಸಮಾಜ ಸುಧಾರಕರಿಗಿಂತ ಹೆಚ್ಚಾಗಿ ಕ್ಯಾಮೆರಾದ ಮಸೂರ ಎನ್ನಬೇಕು.

ಆ ಜಾಗಕ್ಕೆ ಬಂದವರಲ್ಲಿ ಎಷ್ಟೋ ಜನ ಕನ್ನಡ ನೆಲದವರು. ಮಿರಜದಲ್ಲಿ ಹುಟ್ಟಿದ ಹೀರಾಬಾಯಿ ತಮ್ಮ ಒಡಹುಟ್ಟಿದವರೊಂದಿಗೆ ಸಂಗೀತ ನಾಟಕಗಳಲ್ಲಿ ನಾಯಕಿಯಾಗಿ ನಿಂತರು. ಸಂಗೀತ ಕಛೇರಿಗೂ ಹಾಗೆಯೇ ತಲೆಯೆತ್ತಿ ಕುಳಿತು, ಸಾದಾ ಸೀರೆಯ ಗಾಯಕಿಯನ್ನು ಮರ್ಯಾದಸ್ಥ ಸಭೆಗಳು ಗೌರವಿಸುವಂತೆ ಮಾಡಿದರು. ಹುಬ್ಬಳ್ಳಿ ಹತ್ತಿರದ ಅದರಗುಂಚಿಯ ಶಾಂತಾ ಹುಬಳೀಕರ್ 1939ರ ‘ಮಾಣೂಸ್’ ಸಿನಿಮಾದ ಮೈನಾ ಆದರು. ಧಾರವಾಡದಲ್ಲಿ 1909ರಲ್ಲಿ ಹುಟ್ಟಿದ ಲೀಲಾ ಚಿಟ್ಣೀಸರದು ಇನ್ನೂ ಮಜಾ. 1937ರ ‘ಜೆಂಟಲ್‌ಮನ್ ಡಾಕು’ವಿನಲ್ಲಿ ಅವರು ಗಂಡಸಿನ ಉಡುಪು ತೊಟ್ಟ ಕಳ್ಳಿ. ಪತ್ರಿಕೆಯ ಜಾಹೀರಾತು ಅವರನ್ನು ತೆರೆಗೆ ಬಂದ ಮಹಾರಾಷ್ಟ್ರದ ಮೊದಲ ಪದವೀಧರೆ ಎಂದು ಸಾರಿತು. ಗಂಡಸು ಸೀರೆ ಉಟ್ಟ ಕಾಲ ಮುಗಿಯುವ ಹೊತ್ತಿಗೆ ಪದವೀಧರ ಹೆಂಗಸು ಪ್ಯಾಂಟು ಹಾಕಿದಳು. 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿಗೆ ಬಂದ ಮೊದಲ ಭಾರತೀಯ ತಾರೆಯೂ ಅವರೇ. ತೆಳು ಮುಖ, ಕೊರೆದಂಥ ಹುಬ್ಬು, ಸಡಿಲವಾಗಿ ಇಳಿಬಿಟ್ಟ ಆರು ಗಜದ ಸೀರೆ. ಬಾಲಗಂಧರ್ವರ ರುಕ್ಮಿಣಿಯಿಂದ ಇಲ್ಲಿಗೆ ಬರೀ ಇಪ್ಪತ್ತೈದು ವರ್ಷ.

ಆಮೇಲಿನದು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅದು ಲೋಕಕ್ಕೆಲ್ಲ ಗೊತ್ತು. ಲಂಡನ್ನಿನಲ್ಲಿ 1966ರಲ್ಲಿ ಟ್ವಿಗ್ಗಿ ಎಂಬ ಕಡ್ಡಿಯಂಥ ಹುಡುಗಿ ಫ್ಯಾಶನ್ನಿನ ಮುಖವಾದಳು. 1990ರ ದಶಕದಲ್ಲಿ ಕೇಟ್ ಮಾಸ್ ಆ ಸಣಕಲುತನವನ್ನು ಇನ್ನಷ್ಟು ಮುಂದೆ ಒಯ್ದಳು. 2006ರಲ್ಲಿ ಬ್ರೆಜಿಲ್ಲಿನ ಮಾಡೆಲ್ ಆನಾ ಕರೋಲಿನಾ ರೆಸ್ಟನ್ ಉಪವಾಸದ ಕಾಯಿಲೆಯಿಂದ ಸತ್ತಳು. ಅದೇ ವರ್ಷ ಮ್ಯಾಡ್ರಿಡ್‌ನ ಫ್ಯಾಶನ್ ಸಪ್ತಾಹ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 18ಕ್ಕಿಂತ ಕಡಿಮೆಯಿದ್ದವರನ್ನು ರ‍್ಯಾಂಪಿನಿಂದ ಹೊರಗಿಟ್ಟಿತು. ಮಾಡೆಲ್‌ಗಳು ವೈದ್ಯರ ಪ್ರಮಾಣಪತ್ರ ತರಬೇಕೆಂಬ ಫ್ರಾನ್ಸಿನ ಕಾನೂನು 2017ರಲ್ಲಿ ಜಾರಿಗೆ ಬಂತು. ಉಣ್ಣಲು ಇದ್ದದ್ದಕ್ಕೆ ಗುರುತಾಗಿದ್ದ ತುಂಬು ಮೈಯಿಂದ, ಉಣ್ಣುತ್ತಾಳೋ ಇಲ್ಲವೋ ಎಂದು ಡಾಕ್ಟರು ಬರೆದುಕೊಡಬೇಕಾದ ಮೈವರೆಗೆ ಬಂದಾಯಿತು.

ನಮ್ಮ ಕಡೆ ಈ ಗಾಳಿ ಜೋರಾದದ್ದು 1994ರಲ್ಲಿ. ಸುಷ್ಮಿತಾ ಸೇನ್ ಮಿಸ್ ಯೂನಿವರ್ಸ್ ಆದರು, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಮಿಸ್ ವರ್ಲ್ಡ್ ಆದರು. 1996ರ ನವೆಂಬರಿನಲ್ಲಿ ಮಿಸ್ ವರ್ಲ್ಡ್ ಸ್ಪರ್ಧೆ ಬೆಂಗಳೂರಿಗೇ ಬಂತು. ರೈತ ಸಂಘದ ಪ್ರೊ. ನಂಜುಂಡಸ್ವಾಮಿಯವರಿಂದ ಹಿಡಿದು ಮಹಿಳಾ ಸಂಘಟನೆಗಳವರೆಗೆ, ಬಿಜೆಪಿಯಿಂದ ಎಡಪಕ್ಷಗಳವರೆಗೆ ಎಲ್ಲರೂ ಬೇರೆಬೇರೆ ಕಾರಣಕ್ಕೆ ವಿರೋಧಿಸಿದರು. ಈಜುಡುಗೆಯ ಸುತ್ತನ್ನು ಸೆಷೆಲ್ಸ್‌ಗೆ ಒಯ್ಯಬೇಕಾಯಿತು. ಅಂದಿನ ಗಲಾಟೆಯಲ್ಲಿ ಒಂದು ಪ್ರಶ್ನೆ ಮಾತ್ರ ಸರಿಯಾಗಿ ಕೇಳಿಸಲಿಲ್ಲ: ಈ ಅಳತೆ ಯಾರದು, ಇದರಿಂದ ಯಾರ ಸರಕು ಮಾರಾಟವಾಗುತ್ತದೆ? ಮುಖ ಬೆಳ್ಳಗೆ ಮಾಡುವ ಕ್ರೀಮಿನ ಕಂಪನಿ 1975ರಿಂದ ಇಟ್ಟುಕೊಂಡಿದ್ದ ಹೆಸರನ್ನು ಬದಲಿಸಲು 2020ರವರೆಗೆ ಕಾಯಿತು. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಮಾಡೆಲಿಂಗ್‌ನಿಂದ ಸಿನಿಮಾಕ್ಕೆ ಹೋಗಿ, 2022ರಲ್ಲಿ ಲೂಯಿ ವಿಟಾನ್‌ನ ಪ್ರಚಾರ ರಾಯಭಾರಿಯಾದ ಮೊದಲ ಭಾರತೀಯಳಾದರು. ಗೋಧಿಯ ಬಣ್ಣ, ಬ್ಯಾಡ್ಮಿಂಟನ್ ಆಡಿ ಗಟ್ಟಿಯಾದ ತೋಳು, ಎತ್ತರ. ರವಿವರ್ಮನ ಹನ್ನೊಂದು ಹೆಂಗಸರ ಸಾಲಿನಲ್ಲಿ ಇವರನ್ನು ಕೂರಿಸಲು ಜಾಗ ಸಿಗುವುದು ಕಷ್ಟ.

2011ರಲ್ಲಿ ಒಂದು ಕಾಕತಾಳೀಯ ನಡೆಯಿತು. ಆ ಜನವರಿಯಲ್ಲಿ ಪ್ಯಾರಿಸ್ಸಿನ ಫ್ಯಾಶನ್ ಪ್ರದರ್ಶನದಲ್ಲಿ ಜಾನ್ ಪಾಲ್ ಗೋತಿಯೇ ತಯಾರಿಸಿದ ಮದುವಣಗಿತ್ತಿಯ ಉಡುಪು ತೊಟ್ಟು ಬಂದವರು ಆಂದ್ರೇಯಾ ಪೆಯಿಚ್. ಆಗ ಅವರು ಗಂಡಸರ, ಹೆಂಗಸರ ಎರಡೂ ಬಗೆಯ ಬಟ್ಟೆಗಳ ಮಾಡೆಲ್. ಮುಂದೆ ತಾವು ಟ್ರಾನ್ಸ್ ಮಹಿಳೆ ಎಂದು ಹೇಳಿಕೊಂಡರು. ಪತ್ರಿಕೆಗಳು ಇದೇನು ಹೊಸ ಯುಗ ಎಂದು ಬರೆದವು. ಅದೇ ವರ್ಷ ಮೇನಲ್ಲಿ ಸುಬೋಧ ಭಾವೆ ನಟಿಸಿದ ಮರಾಠಿ ಸಿನಿಮಾ ‘ಬಾಲಗಂಧರ್ವ’ ತೆರೆಕಂಡು ಸಾಂಗ್ಲಿ, ಮಿರಜದ ಅಜ್ಜಿಯರನ್ನು ಥಿಯೇಟರಿಗೆ ಎಳೆಯಿತು. 2017ರಲ್ಲಿ ನೇಪಾಳದ ಟ್ರಾನ್ಸ್ ಮಾಡೆಲ್ ಅಂಜಲಿ ಲಾಮಾ ಮುಂಬಯಿಯ ಲ್ಯಾಕ್ಮೆ ಫ್ಯಾಶನ್ ಸಪ್ತಾಹದಲ್ಲಿ ನಡೆದರು. ಇವರನ್ನೂ ಬಾಲಗಂಧರ್ವರನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಇವರು ರ‍್ಯಾಂಪಿನಿಂದ ಇಳಿದ ಮೇಲೂ ಹೆಣ್ಣಾಗಿ ಬಾಳುವ ಹಕ್ಕು ಕೇಳುವವರು. ಅವರು ಬಣ್ಣ ತೊಳೆದುಕೊಂಡರೆ ಕೋಟು, ಟೋಪಿಯ ನಾರಾಯಣರಾಯರು, ಕಂಪನಿಯ ಮಾಲಿಕರು, ಮಕ್ಕಳೊಂದಿಗರು.

ಈಗ ಸಾಂಗ್ಲಿಯ ಮದುವೆ ಮನೆಗಳಲ್ಲಿ ಒಂಬತ್ತು ಗಜದ ಸೀರೆ ಹೊಲಿದೇ ಸಿಗುತ್ತದೆ. ಕಾಲು ತೂರಿಸಿ, ಸೊಂಟದ ದಾರ ಬಿಗಿದರೆ ಮುಗಿಯಿತು. ಅರಿಶಿನ ಮದುವೆಯ ಹಿಂದಿನ ದಿನದ ಫೋಟೋಗೆ ಸೀಮಿತ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ನಗರದ ಡಿಸೈನರುಗಳ ಕೈಯಿಂದ ದುಬಾರಿಯಾಗಿ ತಿರುಗಿ ಬಂದಿವೆ; ಅಜ್ಜಿ ಕಳೆ ತೆಗೆಯಲು ಉಡುತ್ತಿದ್ದದ್ದನ್ನು ಮೊಮ್ಮಗಳು ಪಾರ್ಟಿಗೆ ಉಡುತ್ತಾಳೆ. ಮಿರಜದ ನಾಟ್ಯಗೃಹಕ್ಕೆ ಬಾಲಗಂಧರ್ವರ ಹೆಸರಿದೆ, ಪುಣೆಯ ದೊಡ್ಡ ರಂಗಮಂದಿರಕ್ಕೂ ಇದೆ.

ಬಾಲಗಂಧರ್ವರ ಇಳಿವಯಸ್ಸಿನ ಜೊತೆಗಾತಿ ಗೋಹರಬಾಯಿ ಕರ್ನಾಟಕಿಗೆ ಇಂಥ ಮನ್ನಣೆ ಒದಗಲಿಲ್ಲ. ಅವರು ಬಾಗಲಕೋಟೆ ಜಿಲ್ಲೆಯ ಬೀಳಗಿಯವರು, ಗಾಯಕಿ ಅಮೀರಬಾಯಿಯ ಅಕ್ಕತಂಗಿಯರಲ್ಲಿ ಒಬ್ಬರು. ಬಾಲಗಂಧರ್ವರ ಗಾಯನವನ್ನು ಕೇಳಿಕೇಳಿಯೇ ಕಲಿತವರು. ಮೂವತ್ತರ ದಶಕದ ಕೊನೆಗೆ ಕಂಪನಿ ಸೇರಿ, ಬಾಲಗಂಧರ್ವರು ಬಿಟ್ಟ ಹೆಣ್ಣುಪಾತ್ರಗಳನ್ನು ಹೆಣ್ಣಾಗಿಯೇ ವಹಿಸಿಕೊಂಡರು. 1951ರಲ್ಲಿ ಇಬ್ಬರೂ ಮದುವೆಯಾದರು. ಪಾರ್ಶ್ವವಾಯು ಬಡಿದ ನಟನನ್ನು ವರ್ಷಗಟ್ಟಲೆ ನೋಡಿಕೊಂಡ ಗೋಹರಬಾಯಿ 1964ರಲ್ಲಿ ತೀರಿಕೊಂಡರು. ಬಾಲಗಂಧರ್ವರು 1967ರ ಜುಲೈ 15ರಂದು. ಮುಸ್ಲಿಂ ಗಾಯಕಿಯೊಬ್ಬಳು ತಮ್ಮ ಗಂಧರ್ವನನ್ನು ಕೆಡಿಸಿದಳೆಂಬ ದೂರನ್ನು ಆ ಕಾಲದ ಎಷ್ಟೋ ಅಭಿಮಾನಿಗಳು ಆಕೆಯ ಮೇಲೆ ಹೊರಿಸಿದರು. ಗಂಡಸು ಕಟ್ಟಿದ ಹೆಣ್ಣಿನ ಚಿತ್ರಕ್ಕೆ ಮನಸೋತವರಿಗೆ ನಿಜವಾದ ಹೆಣ್ಣು ಆ ಜಾಗದಲ್ಲಿ ನಿಂತದ್ದನ್ನು ಸಹಿಸಲಾಗಲಿಲ್ಲ. ಆ ದೂರು ಅನ್ಯಾಯದ್ದು. ರಹಮತ್ ತರೀಕೆರೆಯವರು ಅಮೀರಬಾಯಿ ಕರ್ನಾಟಕಿಯ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ‘ಬಾಲಗಂಧರ್ವ’ ಸಿನಿಮಾ ನೋಡಿ ಕಣ್ಣೊರೆಸಿಕೊಂಡವರು ಬೀಳಗಿಯ ಈ ಅಕ್ಕತಂಗಿಯರ ಕಡೆಯ ಮಾತು ತಿಳಿಯಲು ಅದನ್ನೂ ಹುಡುಕಿ ಓದಬೇಕು.